ಗ್ರಾಸ್‌ಮಿಯರಿನ ಗೋಡೆಯ ಮೇಲಿನ ಹೂ

ಮಾನ್ಯ ಶ್ರೋತೃಗಳೇ,

ಇಂಗ್ಲೆಂಡಿನ ಸರೋವರ ಪ್ರಾಂತ್ಯದ ಗ್ರಾಸ್‌ಮಿಯರ್ ಎಂಬ ಹಳ್ಳಿಯಲ್ಲಿ, ರಾಥೆ ನದಿಯ ದಡದ ಮೇಲೆ, ಸಂತ ಆಸ್ವಾಲ್ಡನ ಹೆಸರಿನ ಹಳೆಯ ಚರ್ಚ್ ಇದೆ. 1850ರ ಏಪ್ರಿಲ್ 23ರಂದು ತೀರಿಕೊಂಡ ಕವಿ ವಿಲಿಯಂ ವರ್ಡ್ಸ್‌ವರ್ತ್‌ನ ಸಮಾಧಿ ಅದರ ಅಂಗಳದಲ್ಲಿದೆ. ಅಲ್ಲಿನ ಎಂಟು ಯೂ ಮರಗಳು ಅವನೇ ನೆಡಿಸಿದವು. ಬಂದವರಲ್ಲಿ ಹೆಚ್ಚಿನವರು ಆ ಸಾದಾ ಕಲ್ಲಿನ ಮುಂದೆ ನಿಂತು ಮರಳುತ್ತಾರೆ. ಆದರೆ ನಾನಿಂದು ಹೇಳಬೇಕೆಂದಿರುವುದು ಒಳಗಿನ ಗೋಡೆಯ ಮೇಲಿರುವ ಸ್ಮಾರಕದ ವಿಚಾರ. ಶಿಲ್ಪಿ ಥಾಮಸ್ ವೂಲ್ನರ್ ಅಲ್ಲಿ ಕವಿಯ ಪಾರ್ಶ್ವಮುಖವನ್ನೂ ಅವನಿಗೆ ಪ್ರಿಯವಾದ ಕಾಡುಹೂಗಳನ್ನೂ ಅಮೃತಶಿಲೆಯಲ್ಲಿ ಕಡೆದಿದ್ದಾನೆ.

ಮಳೆ ಹೆಚ್ಚಾದ ಆ ಸೀಮೆಯಲ್ಲಿ ಇಂಥ ಕಲ್ಲಿಗೆ ಮೊದಲ ಶತ್ರು ತೇವ. ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ನೀರು ಹೊರಬರಲಾರದೆ ನಿಲ್ಲುತ್ತದೆ. ಗೋಡೆಗೆ ಹಿಡಿದ ಕಬ್ಬಿಣದ ಕೊಂಡಿಗಳಿದ್ದರೆ ಅವು ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನೇ ಸೀಳಿಬಿಡುತ್ತವೆ. ಆದ್ದರಿಂದ ಸ್ಮಾರಕದ ಆರೈಕೆ ಎಷ್ಟೋ ಸಲ ಛಾವಣಿಯ ಮಳೆನೀರು ಹರಿದುಹೋಗುವ ದೋಣಿಯಲ್ಲಿ ಸಿಕ್ಕಿಕೊಂಡ ಎಲೆಗಳನ್ನು ತೆಗೆಯುವುದರಿಂದಲೇ ಆರಂಭವಾಗುತ್ತದೆ.

ಎರಡನೆಯ ಶತ್ರು ನಮ್ಮ ಅತಿಯಾದ ಉತ್ಸಾಹ ಎಂದೇ ನನ್ನ ಅಭಿಪ್ರಾಯ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪವನ್ನು ತಿಕ್ಕಿ ಬೆಳಗುವ ನಮಗೆ ಮಾಸಿದ್ದೆಲ್ಲವನ್ನೂ ಹೊಳೆಯಿಸುವ ಆಸೆ ಸಹಜ. ಆದರೆ ಅಮೃತಶಿಲೆ ಸುಣ್ಣದ ಅಂಶದ ಕಲ್ಲಾದ್ದರಿಂದ ಯಾವ ಹುಳಿ ತಾಗಿದರೂ ಅದರ ಮೈ ಸವೆಯುತ್ತದೆ, ಬರಿಗೈಯ ಜಿಡ್ಡು ಕೂಡ ಕಲೆಯಾಗಿ ಉಳಿಯುತ್ತದೆ. ಗಟ್ಟಿಯಾಗಿರುವ ಭಾಗದಲ್ಲಿ ಮೆತ್ತನೆಯ ಒಣ ಕುಂಚವನ್ನು ಮೇಲಿನಿಂದ ಕೆಳಕ್ಕೆ ಆಡಿಸಿ, ರೆಪ್ಪೆಯ ಅಂಚಿನಲ್ಲೂ ಅಕ್ಷರಗಳ ಗೀರಿನಲ್ಲೂ ಕುಳಿತ ಧೂಳನ್ನು ಎಬ್ಬಿಸಿದರೆ ಸಾಕು. ಅದಕ್ಕೂ ಮೀರಿದ ಕೆಲಸ ಪರಿಣತರದು. ಇಂಗ್ಲೆಂಡಿನ ಚರ್ಚಿನಲ್ಲಿ ಧರ್ಮಪ್ರಾಂತದ, ಅಂದರೆ ಬಿಷಪ್ಪರ ಆಡಳಿತ ವಲಯದ, ಅನುಮತಿಯಿಲ್ಲದೆ ಸ್ಮಾರಕವನ್ನು ಕದಲಿಸುವಂತಿಲ್ಲ. ಐದು ವರ್ಷಕ್ಕೊಮ್ಮೆ ಕಟ್ಟಡದ ತಪಾಸಣೆ ಆಗಬೇಕೆಂಬ ಕಾನೂನು 1955ರಲ್ಲೇ ಬಂದಿದೆ.

ಈ ಶಿಲ್ಪದ ಬಗ್ಗೆ ಒಂದು ಮಾತು ರೂಢಿಯಲ್ಲಿದೆ. ವಸಂತದ ಆರಂಭದಲ್ಲೇ ಅರಳುವ ಸಣ್ಣ ಹಳದಿ ಸೆಲಂಡೈನ್ ಹೂವನ್ನು ವರ್ಡ್ಸ್‌ವರ್ತ್ ಕವಿತೆಗಳಲ್ಲಿ ಹಾಡಿದ್ದ. ಕಲ್ಲಿನಲ್ಲಿ ಮೂಡಿದ್ದು ಮಾತ್ರ ಅದೇ ಹೆಸರಿನ, ಬೇರೆಯೇ ಕುಟುಂಬಕ್ಕೆ ಸೇರಿದ ದೊಡ್ಡ ಸೆಲಂಡೈನ್ ಎನ್ನುತ್ತಾರೆ. ಅದನ್ನು ತಿದ್ದುವ ಹಕ್ಕು ಇಂದು ಯಾರಿಗೂ ಇಲ್ಲ. ಕುಂಚ ಹಿಡಿದವರು ಕವಿಯ ಹಣೆಯನ್ನು ಎಷ್ಟು ಜೋಪಾನವಾಗಿ ಒರೆಸುತ್ತಾರೋ ಆ ತಪ್ಪು ಹೂವಿನ ಎಸಳುಗಳನ್ನೂ ಅಷ್ಟೇ ಜೋಪಾನವಾಗಿ ಒರೆಸಬೇಕು.

ನಮಸ್ಕಾರ.