ಇವನ 'ಶಿಕ್ಷಾ' ಧಾರವಾಡದಲ್ಲಿ ಮುಗೀತು! ಯಾವ ಜೈಲು?

ನಮಸ್ಕಾರ್ರೀ! ಹುಬ್ಬಳ್ಳಿಯ ನಮ್ಮ ಮನೆಗೆ ಬಿಹಾರದ ಗೆಳೆಯನೊಬ್ಬ ಊಟಕ್ಕೆ ಬಂದಿದ್ದ. ಕನ್ನಡ ತಿಳಿಯುತ್ತದೆ, ಮಾತಾಡೋದು ಹಿಂದಿ. ಅಜ್ಜಿಗೆ ಹೆಮ್ಮೆಯಿಂದ ಹೇಳಿದ, "ಮೇರಿ ಶಿಕ್ಷಾ ಧಾರವಾಡ್ ಮೇ ಹುಯೀ."

ಬಡಿಸುತ್ತಿದ್ದ ರೊಟ್ಟಿ ಅಜ್ಜಿ ಕೈಯಲ್ಲೇ ಉಳಿಯಿತು. ಧಾರವಾಡದಲ್ಲಿ ಸೆಂಟ್ರಲ್ ಜೈಲಿದೆ, ಅಲ್ವಾ?

"ಎಷ್ಟ ವರ್ಷ ಆತಪಾ?"
"ಚಾರ್ ಸಾಲ್, ದಾದಿ."
"ಅಯ್ಯ ಶಿವನ! ಅಂಥಾದ್ದೇನ್ ಮಾಡಿದ್ದಿ?"
"ಮೆಕ್ಯಾನಿಕಲ್."

ಹಿಂದಿಯ 'ಶಿಕ್ಷಾ' ಓದು, ಕನ್ನಡದ 'ಶಿಕ್ಷೆ' ದಂಡನೆ. ಒಂದೇ ಸಂಸ್ಕೃತ ಪದ ಹೀಗೆ ಎರಡಾಗಿದ್ದು ಹೇಗೆ?

[ತೆರೆಯ ಮೇಲೆ: ಶಕ್ → ಶಿಕ್ಷ್]

'ಶಕ್' ಅಂದರೆ ಕೈಲಾಗು. 'ಶಕ್ತಿ' ಬಂದಿದ್ದೂ ಅಲ್ಲಿಂದಲೇ. 'ಶಿಕ್ಷ್' ಅಂದರೆ ನನ್ನ ಕೈಲೂ ಆಗಬೇಕು ಅಂತ ಬಯಸು, ಅಂದರೆ ಕಲಿ. ವೇದ ಕಲಿಯೋಕೆ ನೆರವಾಗೋ ಆರು ವಿದ್ಯೆಗಳು, ಅಂದರೆ ವೇದಾಂಗಗಳು, ಅವುಗಳಲ್ಲಿ ಒಂದರ ಹೆಸರೂ ಶಿಕ್ಷಾ. ಅದು ಉಚ್ಚಾರಣೆಯ ಪಾಠ. ಎಲ್ಲೂ ಬೆತ್ತ ಕಾಣುವುದಿಲ್ಲ.

ಬೆತ್ತ ಎಲ್ಲಿಂದ ಬಂತು? ನಮ್ಮ ಬೈಗುಳ ಕೇಳಿ. "ಬುದ್ಧಿ ಕಲಿಸ್ತೀನಿ ನೋಡು" ಅಂದಾಗ ಯಾರಾದರೂ ನೋಟ್‌ಬುಕ್ ತೆಗೀತಾರಾ? "ಸರಿಯಾಗಿ ಪಾಠ ಕಲಿಸ್ತೀನಿ" ಅಂದವನ ಕೈಯಲ್ಲಿ ಪುಸ್ತಕ ಇರುತ್ತಾ? ಕಲಿಸೋದು ಅಂದರೆ ತಿದ್ದೋದು, ತಿದ್ದೋದು ಅಂದರೆ ಎರಡು ಬಿಡೋದು. ಪದ ಜಾರಿದ ದಾರಿ ಇದೇ ಅನ್ನೋದು ನನ್ನ ಲೆಕ್ಕ. ಇನ್ನೊಂದು ಜೋಡಿ ನೋಡಿ: ಶಿಷ್ಯ ಮತ್ತು ಶಾಸ್ತಿ. ಎರಡೂ 'ಶಾಸ್' ಅನ್ನೋ ಒಂದೇ ಧಾತುವಿನ ಮಕ್ಕಳು. ಅದಕ್ಕೆ ಕಲಿಸು ಅನ್ನೋ ಅರ್ಥವೂ ಇದೆ, ದಂಡಿಸು ಅನ್ನೋದೂ ಇದೆ. 'ಶಾಸ್ತ್ರ' ಅವರ ಅಣ್ಣ. ಶಿಷ್ಯನಿಗೆ ಶಾಸ್ತಿ ಆದರೆ ಅದು ಮನೆಯೊಳಗಿನ ಜಗಳ!

ಟೈಮ್ ಆಯ್ತು, ಉಳಿದದ್ದು ಬೇಗ ಬೇಗ. ಮರಾಠಿ, ತೆಲುಗು, ಮಲಯಾಳದಲ್ಲೂ 'ಶಿಕ್ಷೆ' ದಂಡನೆಯೇ. ಓದಿಗೆ ನಾವು, ಮರಾಠಿಯವರು 'ಶಿಕ್ಷಣ' ಇಟ್ಟುಕೊಂಡೆವು. ತೆಲುಗಿನಲ್ಲಿ ಅದು ತರಬೇತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯೋದನ್ನ ನಿಷೇಧಿಸಿದೆ. ಅಂದರೆ ಶಿಕ್ಷಣದೊಳಗಿನ ಶಿಕ್ಷೆಗೆ ಕಾನೂನೇ ಕತ್ತರಿ ಹಾಕಿದೆ. ದಿಲ್ಲಿಯ 'ಸರ್ವ ಶಿಕ್ಷಾ ಅಭಿಯಾನ' ಕನ್ನಡಕ್ಕೆ ಬರುವಾಗ 'ಸರ್ವ ಶಿಕ್ಷಣ ಅಭಿಯಾನ' ಆಯಿತು. ಪುಣ್ಯ! ಇಲ್ಲದಿದ್ದರೆ ಸಾಲಿ ಗೋಡೆ ಮೇಲೆ 'ಎಲ್ಲರಿಗೂ ಶಿಕ್ಷೆ' ಅಂತ ಓದಿಕೊಂಡು ಮಕ್ಕಳು ಒಳಗೆ ಹೋಗಬೇಕಿತ್ತು.

ಇಷ್ಟೆಲ್ಲ ಅಜ್ಜಿಗೂ ಹೇಳಿದೆ. ತಲೆ ಆಡಿಸಿದಳು. ಆದರೂ ಆ ಹುಡುಗ ಬಂದರೆ ಒಂದು ಚಮಚ ತುಪ್ಪ ಜಾಸ್ತಿ. "ನಾಕ್ ವರ್ಷ ಒಳಗಿದ್ದ ಬಂದಾನ, ಪಾಪ."