313 ಡಿಶ್, ಒಬ್ಬ ಸೂರ್ಯ

ಈ ಫೋಟೊ ನೋಡಿ. ಮಸುಕಾದ ಕೆಂಪು ಮುದ್ದೆ, ಅದರ ಒಂದು ಬದಿಯಲ್ಲಿ ಹಳದಿ ಚುಕ್ಕೆ. ಮೊದಲ ಸಲ ನೋಡಿದಾಗ ಫೈಲ್ ಸರಿಯಾಗಿ ಡೌನ್‌ಲೋಡ್ ಆಗಿಲ್ಲ ಅಂದುಕೊಂಡಿದ್ದೆ. ಇದು ರೇಡಿಯೊ ಅಲೆಗಳಲ್ಲಿ ತೆಗೆದ ಸೂರ್ಯ. ಬಣ್ಣ ಆಮೇಲೆ ಹಚ್ಚಿದ್ದು. ರೇಡಿಯೊಗೆ ಬಣ್ಣ ಎಲ್ಲಿಂದ ಬರಬೇಕು, ಅಲ್ವಾ?

ಇಷ್ಟು ಮಸುಕು ಯಾಕೆ? ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 300 ಮೆಗಾಹರ್ಟ್ಸ್ ರೇಡಿಯೊ ಅಲೆ ಪೂರಾ ಒಂದು ಮೀಟರ್. ಅಲೆ ಉದ್ದವಾದಷ್ಟೂ ಟೆಲಿಸ್ಕೋಪ್ ಅಗಲವಾಗಬೇಕು. ಈ ಅಲೆಗೆ ಒಂದು ಕಿಲೋಮೀಟರ್ ಅಗಲದ ಡಿಶ್ ಇಟ್ಟರೂ ಸೂರ್ಯನ ಅಡ್ಡಗಲದಲ್ಲಿ ಬಿಡಿಬಿಡಿಯಾಗಿ ಕಾಣುವುದು ಒಂಬತ್ತು-ಹತ್ತು ಚುಕ್ಕೆ ಮಾತ್ರ. ಅಂಥ ಡಿಶ್ ಕಟ್ಟಿ, ಸೂರ್ಯನ ಹಿಂದೆ ತಿರುಗಿಸುವುದು ಆಗದ ಮಾತು. ಅದಕ್ಕೇ ಸಣ್ಣ ಸಣ್ಣ ಡಿಶ್‌ಗಳನ್ನು ಅಷ್ಟು ಜಾಗದಲ್ಲಿ ಹರಡುತ್ತಾರೆ.

ನಾನು ತಪ್ಪು ತಿಳಿದಿದ್ದು ಇಲ್ಲೇ. ಒಂದೊಂದು ಡಿಶ್ ಸೂರ್ಯನ ಒಂದೊಂದು ತುಂಡು ನೋಡುತ್ತದೆ, ಆಮೇಲೆ ಎಲ್ಲ ಸೇರಿಸಿ ಅಂಟಿಸುತ್ತಾರೆ ಅಂತ. ಇಲ್ಲ. ಪ್ರತಿ ಡಿಶ್‌ಗೂ ಇಡೀ ಸೂರ್ಯನೇ ಸಿಗುತ್ತಾನೆ, ವಿವರ ಮಾತ್ರ ಸಿಗುವುದಿಲ್ಲ. ಗುಟ್ಟು ಇರುವುದು ಜೋಡಿಗಳಲ್ಲಿ.

ಈ ಟಬ್‌ನಲ್ಲಿ ಎರಡು ಬೆರಳಿನಿಂದ ಒಂದೇ ತಾಳದಲ್ಲಿ ನೀರು ತಟ್ಟುತ್ತಿದ್ದೇನೆ. ಅಲೆಗಳು ಒಂದರ ಮೇಲೊಂದು ಬಿದ್ದು ಪಟ್ಟೆ ಮೂಡುತ್ತಿದೆ, ಕಾಣಿಸಿತಾ? ಬೆರಳು ಹತ್ತಿರ ಇದ್ದರೆ ಪಟ್ಟೆ ಅಗಲ. ದೂರ ಸರಿಸಿದರೆ ಪಟ್ಟೆ ಕಿರಿದು. (ಇದು ಮೂರನೇ ಟೇಕ್. ನೆಲವೆಲ್ಲ ಒದ್ದೆ.) ಎರಡು ಡಿಶ್‌ಗಳ ಸಿಗ್ನಲ್ ಕೂಡಿಸಿದಾಗಲೂ ಹೀಗೇ. ಹತ್ತಿರದ ಜೋಡಿ ಒಟ್ಟು ಆಕಾರ ಹೇಳುತ್ತದೆ, ದೂರದ ಜೋಡಿ ಸಣ್ಣ ವಿವರ ಹೇಳುತ್ತದೆ. ಜೋಡಿಗೆ ಒಂದು ಸುಳಿವು. ಸುಳಿವುಗಳನ್ನೆಲ್ಲ ಕೂಡಿಸಿ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ.

ದೂರದ ಗ್ಯಾಲಕ್ಸಿಯಾದರೆ ಡಿಶ್ ಕಡಿಮೆ ಇದ್ದರೂ ನಡೆಯುತ್ತದೆ. ಭೂಮಿ ತಿರುಗಿದಂತೆಲ್ಲ ಜೋಡಿಗಳ ದಿಕ್ಕು ಬದಲಾಗಿ ಹೊಸ ಸುಳಿವು ಸಿಗುತ್ತಾ ಹೋಗುತ್ತದೆ. ಸುಮ್ನೆ ಗಂಟೆಗಟ್ಟಲೆ ಕಾದರಾಯಿತು, ಗ್ಯಾಲಕ್ಸಿ ಎಲ್ಲಿಗೂ ಓಡಿಹೋಗುವುದಿಲ್ಲ. ಸೂರ್ಯ ಹಾಗಲ್ಲ. ಅಲ್ಲಿ ಸ್ಫೋಟವಾದಾಗ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಸುಮಾರು ಮೂರನೇ ಒಂದು ಪಾಲು ವೇಗದಲ್ಲಿ ಹಾರುತ್ತವೆ. ನೀವು ಕ್ಯಾಮೆರಾ ಆನ್ ಮಾಡುವಷ್ಟರಲ್ಲಿ ಆಟ ಮುಗಿದಿರುತ್ತದೆ. ಹಾಗಾಗಿ ಎಲ್ಲ ಸುಳಿವೂ ಒಂದೇ ಏಟಿಗೆ ಬೇಕು, ಅಂದರೆ ಡಿಶ್ ಜಾಸ್ತಿ ಬೇಕು.

ಆಸ್ಟ್ರೇಲಿಯಾದ ಕಲ್‌ಗೂರಾದಲ್ಲಿ 1967ರಲ್ಲೇ ಮೂರು ಕಿಲೋಮೀಟರ್ ಅಗಲದ ವೃತ್ತದಲ್ಲಿ 96 ಡಿಶ್ ನಿಲ್ಲಿಸಿ ಸೆಕೆಂಡಿಗೊಂದು ಚಿತ್ರ ತೆಗೆದರು. ಜಪಾನಿನ ನೊಬೆಯಾಮಾದಲ್ಲಿ 84 ಇದ್ದವು, ಒಂದೊಂದೂ ಬರೀ 80 ಸೆಂಟಿಮೀಟರ್. ಸೂರ್ಯ ಅಷ್ಟು ಪ್ರಕಾಶಮಾನ, ಪುಟ್ಟ ಡಿಶ್ ಸಾಕು. ಆ 84ರಿಂದ 3,486 ಜೋಡಿ ಆಗುತ್ತವೆ. ಚೀನಾದ ದಾವ್‌ಚೆಂಗ್‌ನಲ್ಲಿ ಒಂದು ಕಿಲೋಮೀಟರ್ ಅಗಲದ ವೃತ್ತದ ಮೇಲೆ 313 ಡಿಶ್‌ಗಳಿವೆ. ಜೋಡಿ 48,828! ನಡುವೆ 100 ಮೀಟರ್ ಎತ್ತರದ ಗೋಪುರ. ಅದು ಎಲ್ಲ ಡಿಶ್‌ಗೂ ಸಿಗ್ನಲ್ ಕಳಿಸುತ್ತದೆ. ನಡುವಿನಿಂದ ಎಲ್ಲವೂ ಒಂದೇ ದೂರ ಇರುವುದರಿಂದ, ಯಾವ ಡಿಶ್‌ನ ಸಿಗ್ನಲ್ ತಡವಾಗುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಈ ಉಪಾಯ.

ಇನ್ನೊಂದು ಮಾತು. ಸೂರ್ಯನ ಕೆಳಪದರದ ದಟ್ಟ ಅನಿಲದಿಂದ ಕಡಿಮೆ ಫ್ರೀಕ್ವೆನ್ಸಿಯ, ಅಂದರೆ ಉದ್ದನೆಯ, ಅಲೆ ಹೊರಬರಲಾರದು. ಹಾಗಾಗಿ ಫ್ರೀಕ್ವೆನ್ಸಿ ಇಳಿಸಿದಂತೆ ನಾವು ನೋಡುವ ಪದರ ಮೇಲೇರುತ್ತದೆ.

ಈಗ ಅದೇ ಮುದ್ದೆಯ ಫ್ರೇಮ್‌ಗಳನ್ನು ಸಾಲಾಗಿ ಓಡಿಸುತ್ತೇನೆ. ಹಳದಿ ಚುಕ್ಕೆ ಮೇಲೆ ಕಣ್ಣಿಡಿ. 450 ಮೆಗಾಹರ್ಟ್ಸ್, ಅಂಚಿಗೆ ಅಂಟಿಕೊಂಡಿದೆ. 300, ಅಂಚು ಬಿಟ್ಟಿತು. 150... ಅಗೋ, ಅಲ್ಲಿ, ಎಷ್ಟು ಹೊರಗೆ ಹೋಯಿತು ನೋಡಿ.