ಅಮ್ಮನಿಗೆ ಇಟಲಿ ಪೌರತ್ವ, ಮಗನಿಗೆ ಇಲ್ಲ! ಯಾಕೆ?

ನಮಸ್ಕಾರ, ಬ್ರೆಜಿಲ್‌ನ ಸಾವ್ ಪಾವ್ಲೊದಿಂದ. ಈಗ ನಿಮಗೆ ಕಾಣುತ್ತಿದೆಯಲ್ಲ, ಇದು ಬ್ರಾಸ್ ಬಡಾವಣೆಯ ಹಳೆಯ ವಲಸಿಗರ ವಸತಿಗೃಹ. ಈಗ ಮ್ಯೂಸಿಯಂ ಆಗಿದೆ. ಸಾಂತೋಸ್ ಬಂದರಿನಲ್ಲಿ ಹಡಗಿಳಿದವರನ್ನು ರೈಲು ಹತ್ತಿಸಿ ಇಲ್ಲಿಗೆ ತಂದು, ಒಂದಷ್ಟು ದಿನ ಊಟ, ಜಾಗ ಕೊಟ್ಟು, ಆಮೇಲೆ ಕಾಫಿ ತೋಟದ ಕೆಲಸಕ್ಕೆ ಕಳಿಸುತ್ತಿದ್ದರು. ನಮ್ಮ ಅತ್ತೆಯ, ಅಂದರೆ ನನ್ನ ಗಂಡನ ಅಮ್ಮನ, ಅಜ್ಜ 1890ರ ದಶಕದಲ್ಲಿ ಇಟಲಿಯ ವೆನೆತೊದಿಂದ ಬಂದಿದ್ದು ಹೀಗೇ. ಆಗಿನ್ನೂ ಚಿಕ್ಕ ಹುಡುಗ.

ಇಟಲಿ ಕಾನೂನಿನಲ್ಲಿ ಪೌರತ್ವ ರಕ್ತದಿಂದ ಬರುತ್ತದೆ. ಹೊಸದಾಗಿ ಕೊಡಿ ಅಂತ ಕೇಳುವುದಲ್ಲ. ಹುಟ್ಟಿನಿಂದಲೇ ಇದೆ, ಒಪ್ಪಿಕೊಳ್ಳಿ ಅಂತ ಕಾಗದಪತ್ರ ಇಡುವುದು. ಹಿಂದೆ ತಲೆಮಾರಿನ ಲೆಕ್ಕವೇ ಇರಲಿಲ್ಲ. 1861ರಲ್ಲಿ ಇಟಲಿ ಒಂದು ದೇಶವಾದಾಗ ಬದುಕಿದ್ದವರು ಅಥವಾ ಆಮೇಲೆ ಹುಟ್ಟಿದವರು ವಂಶದಲ್ಲಿದ್ದರೆ ಸಾಕು, ಆದರೆ ಮಗ ಹುಟ್ಟುವ ಮೊದಲೇ ಅಪ್ಪ ಬೇರೆ ದೇಶದ ಪೌರನಾಗಿರಬಾರದು. ಹೆಂಗಸರಿಗೆ ಇನ್ನೊಂದು ಅನ್ಯಾಯ. 1948ರ ಜನವರಿ 1ಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದ ಪೌರತ್ವ ಕೇಳಬೇಕಾದರೆ ಕೋರ್ಟ್ ಮೆಟ್ಟಿಲನ್ನೇ ಹತ್ತಬೇಕು.

ಮೇಜಿನ ಮೇಲಿರುವ ಈ ಕಾಗದ ನೋಡಿ. ಅಜ್ಜನ ಜನನ ದಾಖಲೆ, ಅವರ ಊರಿನ ಕೊಮೂನೆ, ಅಂದರೆ ಊರಾಡಳಿತದ, ಕಚೇರಿಯಿಂದ ಬಂದದ್ದು. ಇದರಲ್ಲಿ ಲುಯಿಜಿ ಅಂತಿದೆ. ಇಲ್ಲಿನ ಮದುವೆ ದಾಖಲೆಯಲ್ಲಿ ಲುಯಿಸ್. ಮನೆತನದ ಹೆಸರಿನಲ್ಲಿ ಎರಡು ಟಿ ಇದ್ದದ್ದು ಒಂದೇ ಆಗಿದೆ. ಬರೆದುಕೊಂಡವರು ಕಿವಿಗೆ ಕೇಳಿಸಿದ ಹಾಗೆ ಬರೆದಿದ್ದಾರೆ, ಪಾಪ. ಇದನ್ನೆಲ್ಲ ಸರಿಪಡಿಸಿ, ಅಜ್ಜ ಸಾಯುವವರೆಗೂ ಬ್ರೆಜಿಲ್ ಪೌರತ್ವ ತೆಗೆದುಕೊಂಡಿರಲಿಲ್ಲ ಅನ್ನುವ ಸರ್ಟಿಫಿಕೇಟ್ ತಂದು, ಹೊರದೇಶದಲ್ಲೂ ದಾಖಲೆ ಅಸಲಿ ಅಂತ ಒಪ್ಪುವ ಅಪೊಸ್ತಿಲ್ ಮುದ್ರೆ ಹಾಕಿಸಿ, ಇಟಾಲಿಯನ್‌ಗೆ ಅನುವಾದ ಮಾಡಿಸಬೇಕು. ಕಾನ್ಸುಲೇಟ್ ಶುಲ್ಕ ಒಬ್ಬರಿಗೆ 300 ಯೂರೋ ಇದ್ದದ್ದು 2025ರ ಜನವರಿಯಿಂದ 600 ಆಗಿದೆ.

ಅಷ್ಟರಲ್ಲಿ 2025ರ ಮಾರ್ಚ್ 28ಕ್ಕೆ ಇಟಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮೇ ತಿಂಗಳಲ್ಲಿ ಅದೇ ಕೊಂಚ ಬದಲಾಗಿ ಕಾನೂನಾಯಿತು. ಈಗ ಹೊರದೇಶದಲ್ಲಿ ಹುಟ್ಟಿ ಬೇರೆ ಪೌರತ್ವ ಇರುವವರಿಗೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರಾದರೂ ಬರೀ ಇಟಲಿ ಪೌರತ್ವ ಮಾತ್ರ ಇದ್ದವರಾಗಿರಬೇಕು. ಇಲ್ಲವೇ, ಇಟಲಿ ಪೌರತ್ವವಿದ್ದ ಅಪ್ಪನೋ ಅಮ್ಮನೋ ಮಗು ಹುಟ್ಟುವ ಮೊದಲು ಇಟಲಿಯಲ್ಲಿ ಎರಡು ವರ್ಷ ಸತತವಾಗಿ ವಾಸವಿದ್ದಿರಬೇಕು. ನಮ್ಮ ಅತ್ತೆಗೆ ಅವರು ಅಜ್ಜ, ಹಾಗಾಗಿ ದಾರಿ ಇದೆ. ನನ್ನ ಗಂಡನಿಗೆ ಮುತ್ತಜ್ಜ, ದಾರಿ ಮುಚ್ಚಿತು. ಅದೇ ಮನೆ, ಅದೇ ಕಾಗದ!

ಮಿತಿ ಇರಲಿ, ಅದು ನನಗೆ ಅರ್ಥವಾಗುತ್ತದೆ. ಇಟಲಿ ಜೊತೆ ಯಾವ ಸಂಬಂಧವೂ ಇಲ್ಲದೆ ಬರೀ ಪಾಸ್‌ಪೋರ್ಟ್‌ಗೋಸ್ಕರ ಅರ್ಜಿ ಹಾಕುವವರು ಇದ್ದಾರೆ. ಆದರೆ ಈಗಾಗಲೇ ಹುಟ್ಟಿರುವವರಿಗೆ, ವರ್ಷಗಟ್ಟಲೆ ಸರದಿಯಲ್ಲಿ ಕಾದವರಿಗೆ, ರಾತ್ರೋರಾತ್ರಿ ಹೀಗೆ ಮಾಡಿದ್ದು ಸರಿಯಲ್ಲ. ಮಾರ್ಚ್ 27ರೊಳಗೆ ಅರ್ಜಿ ಸಲ್ಲಿಸಿದವರಿಗೆ ಹಳೆಯ ನಿಯಮ, ಮಾರನೇ ದಿನದವರಿಗೆ ಹೊಸದು ಅಂದರೆ ಹೇಗೆ?

ನಿನಗೂ ಸಿಗುತ್ತಾ ಅಂತ ಊರಿನಿಂದ ತುಂಬ ಜನ ಕೇಳುತ್ತೀರಿ. ಇಟಲಿ ಪೌರರನ್ನು ಮದುವೆಯಾದವರಿಗೆ ಬೇರೆ ದಾರಿ ಇದೆ, ಇಟಾಲಿಯನ್ ಭಾಷಾ ಪರೀಕ್ಷೆಯೂ ಇದೆ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ನಮ್ಮ ಭಾರತದ ಪೌರತ್ವ ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವ ಅಲ್ಲ. ನಾನು ಬಿಡುವುದಿಲ್ಲ.

ಅತ್ತೆಯ ಫೈಲ್ ರೆಡಿಯಾಗಿದೆ. ಅವರಿಗೆ ಪೌರತ್ವ ಖಚಿತವಾದರೆ, ಅವರ ಮಗನಾಗಿ ನನ್ನ ಗಂಡ ಇಟಲಿಯಲ್ಲಿ ಎರಡು ವರ್ಷ ಕಾನೂನುಬದ್ಧವಾಗಿ ವಾಸವಿದ್ದು ಅಲ್ಲಿಂದ ಅರ್ಜಿ ಹಾಕಬಹುದು. ಮೊದಲು ಅದು ಮೂರು ವರ್ಷ ಇತ್ತು. ಅವರು ಈಗ ವೆನೆತೊದ ಟ್ರೆವಿಜೊ ಕಡೆ ಕೆಲಸ ಹುಡುಕುತ್ತಿದ್ದಾರೆ.